ಅರ ಮೊದಲು, ಗರಗಸ ಆಮೇಲೆ

ಕೇಳುಗರಿಗೆ ನಮಸ್ಕಾರ.

ಗರಗಸದ ಚರಿತ್ರೆಯ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಬೆಂಗಳೂರು ಆಕಾಶವಾಣಿಯವರು ಕರೆದರು, ಬಂದಿದ್ದೇನೆ. ಆದರೆ ನಾನು ಹೇಳಲು ಹೊರಟಿರುವುದು ಗರಗಸದ ಕಥೆ ಅಲ್ಲ. ಅದರ ಹಲ್ಲನ್ನು ಹರಿತ ಮಾಡುವ ಅರ, ಸಾಣೆ ಚಕ್ರ, ಯಂತ್ರ, ಇವುಗಳ ಕಥೆ. ಯಾಕೆಂದರೆ ಅಸಲು ಕಥೆ ಇರುವುದೇ ಅಲ್ಲಿ. ಗರಗಸ ಯಾವ ಕಾಲದಲ್ಲೂ ತಾನಾಗಿ ಮುಂದೆ ಹೋಗಿಲ್ಲ. ಹರಿತ ಮಾಡುವ ಕೆಲಸ ಸುಲಭವಾಯಿತು, ಅದರ ಬೆನ್ನಿಗೇ ಗರಗಸ ಬದಲಾಯಿತು. ಅರ ಮೊದಲು, ಗರಗಸ ಆಮೇಲೆ. ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು, ಮಿಕ್ಕಿದ್ದೆಲ್ಲ ಮರೆತರೂ ನನಗೆ ಬೇಜಾರಿಲ್ಲ.

ಈ ಹೊತ್ತಿನಲ್ಲಿ ರೇಡಿಯೊ ಹಚ್ಚಿಕೊಂಡವರು ಯಾರು ಅಂತ ನನಗೊಂದು ಅಂದಾಜಿದೆ. ಎಲ್ಲೋ ಅರ್ಧ ಕಟ್ಟಿದ ಮನೆಯಲ್ಲಿ ಬಾಗಿಲು ಕೂರಿಸುತ್ತಿರುವ ಬಡಗಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನ ಸಾಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿರುವವರು. ಆಮೇಲೆ, ಅಪ್ಪನ ಕಾಲದ ಗರಗಸವನ್ನು ಅಟ್ಟದ ಮೇಲೆ ಹಾಕಿ, 'ಅದು ಕುಯ್ಯಲ್ಲ ಬಿಡಿ' ಅನ್ನುವ ಮಹನೀಯರು. ನನಗೆ ಮುಖ್ಯವಾಗಿ ಮಾತಾಡಬೇಕಿರುವುದು ಈ ಮೂರನೆಯವರ ಜೊತೆ. ಸ್ವಾಮಿ, ಅದು ಕುಯ್ಯುತ್ತೆ. ನೀವು ಹರಿತ ಮಾಡಿಸಿಲ್ಲ, ಅಷ್ಟೇ.

ನಂಬಿಕೆ ಬರದಿದ್ದರೆ ಅದನ್ನು ಕೆಳಗೆ ಇಳಿಸಿ, ಕಿಟಕಿ ಹತ್ತಿರ ತನ್ನಿ. ಹಲ್ಲು ಮೇಲೆ ಬರುವ ಹಾಗೆ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ. ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ ಮಿಂಚಿದರೆ ಆ ಹಲ್ಲು ಮೊಂಡಾಗಿದೆ ಅಂತ ಅರ್ಥ. ನಿಜವಾಗಿ ಹರಿತವಾದ ತುದಿಯಲ್ಲಿ ಬೆಳಕು ಮಿಂಚುವಷ್ಟು ಜಾಗವೇ ಇರುವುದಿಲ್ಲ. ಇದಕ್ಕೆ ಯಾವ ಮೀಟರೂ ಬೇಡ.

ಹಾಗೇ ಇನ್ನೊಂದು ನೋಡಿ. ಒಂದು ಹಲ್ಲು ಸ್ವಲ್ಪ ಎಡಕ್ಕೆ ಬಗ್ಗಿರುತ್ತದೆ, ಪಕ್ಕದ್ದು ಬಲಕ್ಕೆ. ನಮ್ಮ ಬಡಗಿಗಳು ಇದನ್ನು ಸೆಟ್ ಅನ್ನುತ್ತಾರೆ. ಹೀಗೆ ಬಗ್ಗಿಸಿದ್ದರಿಂದ ಮರದಲ್ಲಿ ಬೀಳುವ ಸೀಳು ಪಟ್ಟಿಗಿಂತ ಅಗಲ ಆಗುತ್ತದೆ, ಹೊಟ್ಟು ಆಚೆ ಬರುತ್ತದೆ, ಗರಗಸ ಸಿಕ್ಕಿಹಾಕಿಕೊಳ್ಳುವುದಿಲ್ಲ. ಇದೇನು ಹೊಸ ವಿದ್ಯೆ ಅಲ್ಲ. ರೋಮಿನ ಪ್ಲಿನಿ ಅನ್ನುವ ಪಂಡಿತ ಕ್ರಿಸ್ತಶಕ 1ನೇ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಅವನಿಗಿಂತ ಬಹಳ ಹಿಂದೆ ಈಜಿಪ್ಟಿನವರು ತಾಮ್ರದ ಗರಗಸ ಇಟ್ಟುಕೊಂಡಿದ್ದರು. ತಾಮ್ರ ಮೆತ್ತಗೆ, ಒತ್ತಿದರೆ ಬಗ್ಗುತ್ತದೆ, ಅದಕ್ಕೇ ತಮ್ಮ ಕಡೆಗೆ ಎಳೆದು ಕುಯ್ಯುತ್ತಿದ್ದರು. ಅಂಥ ಹಲ್ಲು ಎಷ್ಟು ಬೇಗ ಮೊಂಡಾಗಬೇಡ, ನೀವೇ ಯೋಚಿಸಿ.

ಈಗ ಅರಕ್ಕೆ ಬರುತ್ತೇನೆ. ನೀವು ಫೈಲು ಅನ್ನುತ್ತೀರಲ್ಲ, ಅದೇ. ಕೈ ಗರಗಸಕ್ಕೆ ಬಳಸುವುದು ಮೂರು ಮೂಲೆಯ ಅರ. ಅದರ ಪ್ರತಿ ಮೂಲೆಯೂ 60 ಡಿಗ್ರಿ. ಎರಡು ಹಲ್ಲಿನ ನಡುವಿನ ಸಂದಿನಲ್ಲಿ ಅದನ್ನು ಇಟ್ಟು ಒಂದು ಸಲ ತಳ್ಳಿದರೆ, ಒಂದು ಹಲ್ಲಿನ ಎದೆ ಮತ್ತು ಪಕ್ಕದ ಹಲ್ಲಿನ ಬೆನ್ನು, ಎರಡೂ ಒಟ್ಟಿಗೇ ಸರಿಯಾಗುತ್ತವೆ. ಎಷ್ಟು ಚೆಂದದ ಲೆಕ್ಕ ನೋಡಿ! ಅದಕ್ಕೇ ಜಗತ್ತಿನ ಬಹುತೇಕ ಕೈ ಗರಗಸಗಳ ಹಲ್ಲಿನ ಸಂದು 60 ಡಿಗ್ರಿಯೇ. ಹಲ್ಲನ್ನು ನೋಡಿ ಅರ ಮಾಡಲಿಲ್ಲ, ಅರ ಹೇಗಿತ್ತೋ ಹಲ್ಲು ಹಾಗಾಯಿತು. ಅರ ಮೊದಲು, ಗರಗಸ ಆಮೇಲೆ.

ಆದರೆ ಅರ ಮಾಡುವುದು ಸುಲಭದ ಕೆಲಸ ಆಗಿರಲಿಲ್ಲ. ಮೆತ್ತಗಿನ ಉಕ್ಕಿನ ಪಟ್ಟಿಯನ್ನು ಸೀಸದ ಮೇಲೆ ಇಟ್ಟು, ಚಾಣದಿಂದ ಒಂದೊಂದೇ ಗೆರೆ ಹೊಡೆಯಬೇಕು. ಸಾವಿರಾರು ಗೆರೆ, ಎಲ್ಲ ಕೈಯಲ್ಲೇ. ಆಮೇಲೆ ಕಾಯಿಸಿ, ತಣ್ಣೀರಿಗೆ ಅದ್ದಿ ಗಟ್ಟಿ ಮಾಡಬೇಕು. ಇದಕ್ಕೊಂದು ಯಂತ್ರ ಬೇಕು ಅಂತ ಲಿಯೊನಾರ್ಡೊ ಡ ವಿಂಚಿಯೇ ಚಿತ್ರ ಬರೆದಿದ್ದ. ಚಿತ್ರ ಚಿತ್ರವಾಗಿಯೇ ಉಳಿಯಿತು. ಅಮೆರಿಕದ ಪ್ರಾವಿಡೆನ್ಸ್ ಊರಿನ ವಿಲಿಯಂ ನಿಕೊಲ್ಸನ್ 1864ರಲ್ಲಿ ಅರ ಕೆತ್ತುವ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡು ಕಂಪನಿ ಕಟ್ಟಿದ. ಯಂತ್ರದ ಅರ ಬಂದು ಬೆಲೆ ಇಳಿದ ಮೇಲೆ ಸಾಮಾನ್ಯ ಬಡಗಿಯ ಚೀಲಕ್ಕೂ ಒಳ್ಳೆಯ ಅರ ಬಂತು.

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಫಜೀತಿ. ಚಿನ್ನ ಸಿಕ್ಕಿತು ಅಂತ ಜನ ನುಗ್ಗಿದ್ದರು, ಮನೆ ಕಟ್ಟಲು ಹಲಗೆ ಬೇಕು, ಸಾಮಿಲ್ಲುಗಳಲ್ಲಿ ದೊಡ್ಡ ದುಂಡು ಗರಗಸ ತಿರುಗುತ್ತಿತ್ತು. ದುಂಡು ಗರಗಸದ ಕಷ್ಟ ಏನು ಅಂದರೆ, ಹರಿತ ಮಾಡಿದಷ್ಟೂ ಅದು ಸವೆದು ಚಿಕ್ಕದಾಗುತ್ತದೆ. ಹೊಸದು ಬೇಕಾದರೆ ದೇಶದ ಆ ತುದಿಯಿಂದ ಬರಬೇಕು. ಸ್ಯಾಕ್ರಮೆಂಟೊದಲ್ಲಿ ಗರಗಸ ರಿಪೇರಿ ಮಾಡುತ್ತಿದ್ದ ನೇಥನ್ ಸ್ಪಾಲ್ಡಿಂಗ್ ಹಲ್ಲನ್ನೇ ಬೇರೆ ಮಾಡಿ ಕೂರಿಸಿದ. ಸವೆದರೆ ಹಲ್ಲು ಮಾತ್ರ ಕಿತ್ತು ಹೊಸದು ಹಾಕಿ. ಅವನಿಗಿಂತ ಮುಂಚಿನವರೂ ಇದನ್ನು ಮಾಡಿ ನೋಡಿದ್ದರು, ಆದರೆ ಹಲ್ಲು ಕೂರುವ ಗುಳಿಗೆ ಚೌಕದ ಮೂಲೆ ಇಟ್ಟಿದ್ದರು. ಮೂಲೆಯಲ್ಲಿ ಬಿರುಕು ಬಿಡುತ್ತಿತ್ತು. ಇವನು ಗುಳಿಯನ್ನು ದುಂಡಗೆ ಮಾಡಿ 1861ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಓಕ್ಲೆಂಡ್ ಊರಿಗೆ ಮೇಯರೂ ಆದ. ನಮ್ಮೂರಲ್ಲಿ ಗರಗಸ ರಿಪೇರಿ ಮಾಡುವವರನ್ನು ಮೇಯರ್ ಮಾಡುವುದಿರಲಿ, ಒಂದು ಕುರ್ಚಿ ಕೊಟ್ಟು ಕೂರಿಸುವವರೂ ಕಡಿಮೆ. ಇರಲಿ.

ಸಾಣೆ ಚಕ್ರದ ಕಥೆ ಬೇಗ ಹೇಳಿಬಿಡುತ್ತೇನೆ. ಮೊದಲು ಎಮೆರಿ ಅನ್ನುವ ಕಲ್ಲು, ಗ್ರೀಸಿನ ನ್ಯಾಕ್ಸೋಸ್ ದ್ವೀಪದಿಂದ, ಟರ್ಕಿಯಿಂದ ಬರುತ್ತಿತ್ತು. 1891ರಲ್ಲಿ ಎಡ್ವರ್ಡ್ ಅಚೆಸನ್ ಅನ್ನುವವನು ಜೇಡಿಮಣ್ಣು ಮತ್ತು ಕಲ್ಲಿದ್ದಲ ಕೋಕ್ ಪುಡಿ ಸೇರಿಸಿ ವಿದ್ಯುತ್ತಿನಲ್ಲಿ ಕಾಯಿಸಿದ. ಅವನಿಗೆ ಬೇಕಾಗಿದ್ದು ವಜ್ರ, ಸಿಕ್ಕಿದ್ದು ವಜ್ರದಷ್ಟಲ್ಲದಿದ್ದರೂ ಬಹಳ ಗಟ್ಟಿಯಾದ ಕಾರ್ಬೊರಂಡಮ್. ಅದರ ನಂತರ ಸಾಣೆ ಚಕ್ರ ಕಾರ್ಖಾನೆಯಲ್ಲೇ ತಯಾರಾಗುವ ಸಾಮಾನಾಯಿತು, ಕಲ್ಲು ಹುಡುಕಿಕೊಂಡು ದ್ವೀಪಕ್ಕೆ ಹೋಗಬೇಕಾಗಿಲ್ಲ.

ಚಕ್ರ ಇದ್ದರೆ ಸಾಲದು, ಅದನ್ನು ಹಲ್ಲಿನ ಮೇಲೆ ಸರಿಯಾಗಿ ಓಡಿಸುವವನು ಬೇಕು. ಸಾಮಿಲ್ಲಿನ ಬ್ಯಾಂಡ್ ಗರಗಸ ನೋಡಿದ್ದೀರಾ? ಆಳೆತ್ತರಕ್ಕಿಂತ ಉದ್ದದ ಉಕ್ಕಿನ ಪಟ್ಟಿ, ಬೆಲ್ಟಿನ ಹಾಗೆ ಎರಡು ಗಾಲಿಗೆ ಸುತ್ತಿರುತ್ತದೆ. ಕೆಲವು ಗಂಟೆಗೊಮ್ಮೆ ಅದನ್ನು ಇಳಿಸಿ ಹರಿತ ಮಾಡಲೇಬೇಕು. ತೇಗದಲ್ಲಿ ಮರಳಿನ ಅಂಶ ಇರುತ್ತದೆ, ಹಲ್ಲು ಇನ್ನೂ ಬೇಗ ಹೋಗುತ್ತದೆ. ಇದನ್ನು ನೋಡಿಕೊಳ್ಳುವವನಿಗೆ ಮಿಲ್ಲಿನಲ್ಲಿ ಸಾ ಡಾಕ್ಟರ್ ಅನ್ನುತ್ತಾರೆ. ಅವನ ಯಂತ್ರದ ಪಕ್ಕ ನಿಂತು ನೋಡಬೇಕು. ಒಂದು ಸಣ್ಣ ಉಕ್ಕಿನ ಬೆರಳು ಹಲ್ಲಿಗೆ ತಾಗಿ ಪಟ್ಟಿಯನ್ನು ಒಂದೇ ಒಂದು ಹಲ್ಲಿನಷ್ಟು ಮುಂದೆ ತಳ್ಳುತ್ತದೆ. ಚಕ್ರ ಕೆಳಗೆ ಇಳಿಯುತ್ತದೆ, ಹಲ್ಲಿನ ಎದೆ ಸವರಿ, ಸಂದಿನ ತಳ ಮುಟ್ಟಿ, ಮುಂದಿನ ಹಲ್ಲಿನ ಬೆನ್ನು ಹತ್ತಿ ಮೇಲೆ ಬರುತ್ತದೆ. ಅಷ್ಟರಲ್ಲಿ ಬೆರಳು ಮತ್ತೆ ತಳ್ಳುತ್ತದೆ. ಟಕ್, ಸರ್ರ್, ಟಕ್, ಸರ್ರ್. ಪಟ್ಟಿ ಪೂರ್ತಿ ಒಂದು ಸುತ್ತು ಬರುವವರೆಗೆ ಇದೇ. ಒಳಗಿರುವ ಒಂದು ಸೊಟ್ಟ ಚಕ್ರ, ಕ್ಯಾಮ್ ಅನ್ನುತ್ತಾರೆ, ಹಲ್ಲಿನ ಆಕಾರ ಏನಿರಬೇಕು ಅಂತ ತೀರ್ಮಾನ ಮಾಡುವುದು ಅದು. ಆತುರಪಟ್ಟು ಜಾಸ್ತಿ ಒತ್ತಿದಿರೋ, ಹಲ್ಲಿನ ತುದಿ ನೀಲಿ ಆಗುತ್ತದೆ. ನೀಲಿ ಆದರೆ ಆ ಹಲ್ಲು ಸುಟ್ಟಿತು ಅಂತ. ಮಿಲ್ ಮಾಲೀಕರು ಇಲ್ಲೇ ಆತುರ ಪಡುವುದು. ಮೋಟಾರಿಗೆ ಎಷ್ಟು ಎಚ್‌ಪಿ ಹಾಕಲಿ ಅಂತ ನನ್ನನ್ನು ಕೇಳುತ್ತಾರೆ, ಸಾಣೆಗೆ ಎಷ್ಟು ಹೊತ್ತು ಕೊಡಲಿ ಅಂತ ಯಾರೂ ಕೇಳುವುದಿಲ್ಲ.

ಇಂಥ ಯಂತ್ರಗಳಲ್ಲಿ ಹೆಸರು ಮಾಡಿದ ಒಬ್ಬ ಜರ್ಮನಿಯ ಹೈನ್ರಿಕ್ ವೋಲ್ಮರ್. 1909ರಲ್ಲಿ ಬೀಬೆರಾಕ್ ಊರಿನಲ್ಲಿ ವರ್ಕ್‌ಶಾಪ್ ತೆರೆದ. ಅದೇ ಮನುಷ್ಯ ಮುಂದೆ ಮಷೀನ್ ಗನ್ನುಗಳನ್ನೂ ವಿನ್ಯಾಸ ಮಾಡಿದ. ಅದು ನಮಗೆ ಬೇಡ. ಅವನ ಹೆಸರಿನ ಕಂಪನಿ ಇವತ್ತಿಗೂ ಗರಗಸ ಹರಿತ ಮಾಡುವ ಯಂತ್ರಗಳನ್ನೇ ಮಾಡುತ್ತಿದೆ.

ಈಗ ನನಗೆ ಬಹಳ ಇಷ್ಟವಾದ ಕಥೆ. ಇದನ್ನು ಹೇಳದೆ ನಾನು ಇಲ್ಲಿಂದ ಏಳುವುದಿಲ್ಲ.

ಅಮೆರಿಕದ ಆರೆಗನ್ ಅಂದರೆ ಕಾಡಿನ ಸೀಮೆ. ಅಲ್ಲಿ ಜೋ ಕಾಕ್ಸ್ ಅಂತ ಮರ ಕಡಿಯುವ ಒಬ್ಬ ಇದ್ದ. ಪೆಟ್ರೋಲಿನ ಚೈನ್ ಗರಗಸ ಆಗಲೇ ಬಂದಿತ್ತು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲೇ ಕರೆಂಟಿನ ಚೈನ್ ಗರಗಸ ಮಾಡಿದ್ದ, 1929ರಲ್ಲಿ ಪೆಟ್ರೋಲಿನದ್ದು. ಎಂಜಿನ್ ಏನೋ ಜೋರಾಗಿತ್ತು. ಹಲ್ಲು ಮಾತ್ರ ಹಳೆಯದೇ. ಇಬ್ಬರು ಹಿಡಿದು ಎಳೆಯುತ್ತಿದ್ದ ಉದ್ದ ಗರಗಸದ ಹಲ್ಲುಗಳ ನಮೂನೆಯನ್ನೇ ಚೈನಿಗೆ ತಂದಿದ್ದರು. ಅವು ಮರವನ್ನು ಕೆರೆಯುತ್ತಿದ್ದವು. ಕೆರೆದರೆ ಬರುವುದು ಪುಡಿ, ಆಗುವುದು ಬಿಸಿ, ಬೇಗನೆ ಮೊಂಡು. ಒಂದೊಂದು ಹಲ್ಲಿನ ಆಕಾರವೂ ಬೇರೆ, ಒಂದೊಂದನ್ನೂ ಬೇರೆ ಬೇರೆಯಾಗಿ ಅರದಲ್ಲಿ ಉಜ್ಜಬೇಕು. ಕಾಕ್ಸನಿಗೆ ಮರ ಕುಯ್ಯುವುದಕ್ಕಿಂತ ಹಲ್ಲು ಉಜ್ಜುವುದೇ ದೊಡ್ಡ ಕೆಲಸ ಆಗಿಹೋಯಿತು.

1946ರ ಚಳಿ ಶುರುವಾಗುವ ಹೊತ್ತು. ಸೌದೆ ಒಡೆಯುತ್ತಿದ್ದವನು ಒಂದು ಮರದ ಬುಡದ ಹತ್ತಿರ ನಿಂತ. ಬುಡದಲ್ಲಿ ಒಂದು ಹುಳ. ಬೆರಳಿನ ಗಾತ್ರದ್ದು, ಬಿಳಿ ಬಣ್ಣ, ದುಂಬಿಯ ಮರಿ. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರಿಗೆ ಕಾಂಡಕೊರಕ ಗೊತ್ತಲ್ಲ, ಅದು ಮಾಡುವುದೂ ಇಂಥದೇ ಕೆಲಸ. ಬೇರೆ ಯಾರಾದರೂ ಆಗಿದ್ದರೆ ಕೊಡಲಿಯಲ್ಲಿ ಒಂದು ಬಿಟ್ಟು ಸೌದೆ ಒಡೆಯುತ್ತಿದ್ದರು. ಇವನು ಕೂತು ನೋಡಿದ. ಗಟ್ಟಿ ಮರ, ಮೆತ್ತಗಿನ ಹುಳ. ನಾರಿನ ಉದ್ದಕ್ಕೂ ಕೊರೆಯುತ್ತಿದೆ, ಅಡ್ಡಕ್ಕೂ ಕೊರೆಯುತ್ತಿದೆ, ಅದಕ್ಕೆ ಎರಡೂ ಒಂದೇ. ಹೇಗೆ? ಕೆರೆಯುತ್ತಿಲ್ಲ, ಅದೇ ಗುಟ್ಟು. ಅದರ ದವಡೆಗಳು ಕೊಂಕಿಯ ಹಾಗೆ ಬಾಗಿವೆ. ಎಡದ್ದು ಒಂದು ಚೂರು ಕತ್ತರಿಸುತ್ತದೆ, ಬಲದ್ದು ಇನ್ನೊಂದು ಚೂರು. ಎಡ, ಬಲ, ಎಡ, ಬಲ. ಪುಡಿ ಅಲ್ಲ, ಚೂರು!

ಕಾಕ್ಸ್ ಪೋರ್ಟ್‌ಲ್ಯಾಂಡಿನ ತನ್ನ ಮನೆಯ ನೆಲಮಾಳಿಗೆಗೆ ಹೋಗಿ ಆ ದವಡೆಯನ್ನೇ ಉಕ್ಕಿನಲ್ಲಿ ಮಾಡಿದ. ಬಾಗಿದ ಹಲ್ಲು, ಒಂದು ಎಡಕ್ಕೆ, ಒಂದು ಬಲಕ್ಕೆ. 1947ರ ನವೆಂಬರಿನಲ್ಲಿ ಅವನ ಮೊದಲ ಚೈನ್ ಮಾರಾಟಕ್ಕೆ ಬಂತು. ಇವತ್ತು ಜಗತ್ತಿನಲ್ಲಿ ಓಡುವ ಬಹುಪಾಲು ಚೈನ್ ಗರಗಸಗಳ ಹಲ್ಲು ಆ ಹುಳದ ವಂಶದ್ದು. ಎಲ್ಲರೂ ಇದನ್ನು ಹುಳದ ಕಥೆ ಅಂತ ಹೇಳಿ ಚಪ್ಪಾಳೆ ತಟ್ಟುತ್ತಾರೆ. ನನಗೆ ಕಾಣುವುದು ಬೇರೆ. ಇದು ಅರ ಹಿಡಿದು ಹಿಡಿದು ಸಾಕಾದ ಮನುಷ್ಯನ ಕಥೆ. ಹೊಸ ಹಲ್ಲುಗಳೆಲ್ಲ ಒಂದೇ ಆಕಾರ. ಒಂದು ದುಂಡು ಅರ ಸಾಕು, ಎಡದ್ದನ್ನೆಲ್ಲ ಉಜ್ಜಿ, ತಿರುಗಿಸಿ, ಬಲದ್ದನ್ನೆಲ್ಲ ಉಜ್ಜಿದರೆ ಮುಗಿಯಿತು. ಕಾಡಿನಲ್ಲೇ, ಕಾಲಿನ ಮೇಲೆ ಇಟ್ಟುಕೊಂಡು ಮಾಡಬಹುದು. ಅರದ ಕೆಲಸ ಕಡಿಮೆ ಆಯಿತು, ಅದಕ್ಕೇ ಚೈನ್ ಗರಗಸ ಗೆದ್ದಿತು. ಅರ ಮೊದಲು, ಗರಗಸ ಆಮೇಲೆ.

ಮಳೆ ಬಂದು ನಮ್ಮ ಬೆಂಗಳೂರಿನ ರಸ್ತೆಗೆ ಗುಲ್‌ಮೊಹರ್ ಮರ ಉರುಳಿದಾಗ ಚೈನ್ ಗರಗಸ ತಂದು ಕುಯ್ಯುತ್ತಾರಲ್ಲ, ಆಗ ಟ್ರಾಫಿಕ್ಕಿಗೆ ಬಯ್ಯುವ ಬದಲು ಕೆಳಗೆ ಬೀಳುವುದನ್ನು ನೋಡಿ. ಚೂರು ಬೀಳುತ್ತಿದ್ದರೆ ಹಲ್ಲು ಹರಿತವಾಗಿದೆ. ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಮೊಂಡು. ಒತ್ತಿ ಒತ್ತಿ ಕುಯ್ಯುವವನ ಕೈಯೂ ಅಪಾಯದಲ್ಲಿದೆ.

ನನಗೆ ಕೊಟ್ಟ ಸಮಯದಲ್ಲಿ ಮುಕ್ಕಾಲು ಹುಳವೇ ತಿಂದುಹಾಕಿತು. ಉಳಿದದ್ದು ಸುಮ್ನೆ ಮುಟ್ಟಿಕೊಂಡು ಹೋಗುತ್ತೇನೆ. ಅಮೆರಿಕದಲ್ಲಿ ಫೋಲಿ ಅನ್ನುವ ಕಂಪನಿಯ ಯಂತ್ರ ಅರವನ್ನೇ ಹಿಡಿದು ಕೈ ಗರಗಸ ಉಜ್ಜುತ್ತಿತ್ತು, 'ಮನೆಯಲ್ಲೇ ಕೂತು ಬಿಡುವಿನಲ್ಲಿ ಸಂಪಾದಿಸಿ' ಅಂತ ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು. ಇನ್ನು ಟಂಗ್‌ಸ್ಟನ್ ಕಾರ್ಬೈಡ್, ಉಕ್ಕಿಗಿಂತ ಬಹಳ ಗಟ್ಟಿಯಾದದ್ದು. 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ವಿಡಿಯಾ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಅದೇ ಹೆಸರಿನ ಕಾರ್ಖಾನೆ ನಮ್ಮ ತುಮಕೂರು ರಸ್ತೆಗೂ ಬಂತು, ಹಳಬರಿಗೆ ಗೊತ್ತು. ಪ್ಲೈವುಡ್ಡಿನ ಅಂಟು ಸಾದಾ ಉಕ್ಕಿನ ಹಲ್ಲನ್ನು ಬಹಳ ಬೇಗ ತಿಂದುಹಾಕುತ್ತದೆ, ಕಾರ್ಬೈಡ್ ತಡೆದುಕೊಳ್ಳುತ್ತದೆ. ಆದರೆ ಕಾರ್ಬೈಡಿಗೆ ನಿಮ್ಮ ಅರ ನಾಟುವುದಿಲ್ಲ, ವಜ್ರದ ಚಕ್ರವೇ ಬೇಕು. ವಜ್ರದ ಚಕ್ರ ಕೈಗೆಟುಕಿದ ಮೇಲೆಯೇ ಟಿಸಿಟಿ ಬ್ಲೇಡ್, ಅಂದರೆ ಹಲ್ಲಿನ ತುದಿಗೆ ಕಾರ್ಬೈಡ್ ಕೂರಿಸಿದ ದುಂಡು ಗರಗಸ, ಪ್ರತಿ ಬಡಗಿಯ ಕೈಗೆ ಬಂದಿದ್ದು. ನಾನು ಏನು ಹೇಳುತ್ತೇನೆ ಅಂತ ನಿಮಗೆ ಈಗ ಗೊತ್ತೇ ಇದೆ.

ಅಂಗಡಿಯಲ್ಲಿ ಈಗ ಇನ್ನೊಂದು ನಮೂನೆಯ ಕೈ ಗರಗಸ ಸಿಗುತ್ತದೆ. ಹಲ್ಲಿನ ತುದಿ ಮಾತ್ರ ಕಪ್ಪು ನೀಲಿ ಬಣ್ಣಕ್ಕಿರುತ್ತದೆ. ವಿದ್ಯುತ್ತಿನಲ್ಲಿ ಕಾಯಿಸಿ ಗಟ್ಟಿ ಮಾಡಿದ ಹಲ್ಲು. ಬಹಳ ದಿನ ಬರುತ್ತದೆ, ನಿಜ. ಆದರೆ ಮೊಂಡಾದ ಮೇಲೆ ಅರ ಹಿಡಿಯುವ ಹಾಗಿಲ್ಲ, ಎಸೆಯಬೇಕು. ನನಗಂತೂ ಇದು ಗಂಟಲಲ್ಲಿ ಇಳಿಯುವುದಿಲ್ಲ. ನಿಮ್ಮ ಅಟ್ಟದ ಮೇಲಿನದ್ದು ಅದಲ್ಲ ಬಿಡಿ, ಅಪ್ಪನ ಕಾಲದ್ದು ಅರಕ್ಕೆ ಬಗ್ಗುತ್ತದೆ.

ಟಿಸಿಟಿ ಬ್ಲೇಡ್ ಇರುವವರಿಗೆ ಒಂದು ಮಾತು. ಮೊಂಡಾಯಿತು ಅಂತ ಗುಜರಿಗೆ ಹಾಕಬೇಡಿ, ಹಲ್ಲು ಮುರಿದಿಲ್ಲದಿದ್ದರೆ ಅದನ್ನು ಹಲವು ಸಲ ಸಾಣೆಗೆ ಕೊಡಬಹುದು. ಕೊಡುವ ಮುಂಚೆ 'ಡೈಮಂಡ್ ವೀಲಿನಲ್ಲಿ ಹಿಡಿಯುತ್ತೀರಾ?' ಅಂತ ಕೇಳಿ. ಸಾದಾ ಚಕ್ರದಲ್ಲಿ ಹಿಡಿಯುತ್ತೇನೆ ಅಂದರೆ ಬ್ಲೇಡ್ ವಾಪಸ್ ತೆಗೆದುಕೊಂಡು ಪಕ್ಕದ ಅಂಗಡಿಗೆ ಹೋಗಿ. ಕೆಲಸ ಕಲಿಯುವ ಹುಡುಗರು, ಹುಡುಗಿಯರು ಯಾರಾದರೂ ಕೇಳುತ್ತಿದ್ದರೆ, ಮಲ್ಲೇಶ್ವರದಲ್ಲಿ ಮರದ ಬಗ್ಗೆಯೇ ಸಂಶೋಧನೆ ಮಾಡುವ ಐಡಬ್ಲ್ಯುಎಸ್‌ಟಿ ಸಂಸ್ಥೆ ಇದೆ, ಮರಗೆಲಸದ ಯಂತ್ರಗಳ ಮೇಲೆ ತರಬೇತಿಯೂ ಕೊಡುತ್ತಾರೆ. ಹೋಗಿ ವಿಚಾರಿಸಿ. ಹೋದವರು ಮೊದಲು ಸಾಣೆ ಯಂತ್ರ ಎಲ್ಲಿದೆ ಅಂತ ಕೇಳಿ, ಗರಗಸ ಎಲ್ಲಿದೆ ಅಂತ ಆಮೇಲೆ ಕೇಳುವಿರಂತೆ.

ನಮಸ್ಕಾರ.