ಪಕ್ಷವಿಲ್ಲದ ಮತದಾರ ನಡುವೆ ನಿಂತವನಲ್ಲ

ಎಲ್ಲರಿಗೂ ನಮಸ್ಕಾರ. ಕೂಟದವರು ನನಗೆ ನಲವತ್ತು ನಿಮಿಷ ಕೊಟ್ಟಿದ್ದಾರೆ. ಅದಾದ ಮೇಲೆ ಬಿಸಿಬೇಳೆ ಬಾತ್ ಅಂತ ಮೊದಲೇ ಘೋಷಣೆಯೂ ಮಾಡಿಬಿಟ್ಟಿದ್ದಾರೆ. ಇವತ್ತು ನನ್ನ ಎದುರಾಳಿ ಯಾರು ಅಂತ ನನಗೆ ಚೆನ್ನಾಗಿ ಗೊತ್ತು.

ಈ ವಿಷಯ ನಾನೇ ಕೇಳಿ ತೆಗೆದುಕೊಂಡದ್ದು. 2024ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಮುಗಿದಾಗಿನಿಂದ ನಮ್ಮವರ ಮನೆಗಳಲ್ಲಿ ಒಂದು ಮಾತು ಕೇಳುತ್ತಲೇ ಇದ್ದೇನೆ. 'ಅಕ್ಟೋಬರ್ ಮುಗಿಯುತ್ತಾ ಬಂದರೂ ಯಾರಿಗೆ ಓಟು ಹಾಕಬೇಕು ಅಂತ ಗೊತ್ತಾಗದವರು ಅದೆಂಥಾ ಜನ ಸಾರ್? ಪೇಪರ್ ಓದಲ್ವಾ? ಟಿವಿ ನೋಡಲ್ವಾ?' ಡೆಮಾಕ್ರಟಿಕ್ ಕಡೆಯವರೂ ಹೀಗೆ ಕೇಳುತ್ತಾರೆ, ರಿಪಬ್ಲಿಕನ್ ಕಡೆಯವರೂ ಕೇಳುತ್ತಾರೆ. ಈ ದೇಶದಲ್ಲಿ ಇಬ್ಬರೂ ಒಪ್ಪುವ ಮಾತು ಇದೊಂದೇ ಇರಬೇಕು. ನಾನು ಮಾತ್ರ ಒಪ್ಪುವುದಿಲ್ಲ. ಆ ಜನರ ಪರವಾಗಿ ವಕಾಲತ್ತು ಹಾಕೋಣ ಅಂತಲೇ ಬಂದಿದ್ದೇನೆ.

ಮನಸ್ಸು ಮಾಡದವರು ಅಂದ ಕೂಡಲೇ ಎಲ್ಲರೂ ಬೆರಳು ತೋರಿಸುವುದು ಸ್ವತಂತ್ರ ಮತದಾರರ ಕಡೆ, ಅಂದರೆ ನಾನು ಯಾವ ಪಕ್ಷದವನೂ ಅಲ್ಲ ಅನ್ನುವವರ ಕಡೆ. ಮೊದಲು ಇವರು ಎಷ್ಟು ಜನ ಅಂತ ನೋಡೋಣ. 2024ರಲ್ಲಿ ಗ್ಯಾಲಪ್ ಅನ್ನುವ ಸಮೀಕ್ಷೆ ಸಂಸ್ಥೆಯವರು ವರ್ಷವಿಡೀ ಕೇಳಿದ ಲೆಕ್ಕದಲ್ಲಿ ನೂರಕ್ಕೆ 43 ಮಂದಿ 'ನಾನು ಸ್ವತಂತ್ರ' ಅಂದರು. ಡೆಮಾಕ್ರಟ್ ಅಂದವರು 28, ರಿಪಬ್ಲಿಕನ್ ಅಂದವರೂ 28. ಇದನ್ನು ನೋಡಿದರೆ ಎರಡೂ ಪಕ್ಷಗಳಿಗಿಂತ ದೊಡ್ಡ ಪಕ್ಷ ಇವರದೇ ಅಂತ ಅನ್ನಿಸುತ್ತದೆ. ಆದರೆ ಸಮೀಕ್ಷೆಯವರು ಅಷ್ಟಕ್ಕೇ ಬಿಡುವುದಿಲ್ಲ. 'ಆಯ್ತು, ನಿಮ್ಮ ಒಲವು ಯಾವ ಕಡೆ?' ಅಂತ ಇನ್ನೊಂದು ಪ್ರಶ್ನೆ ಹಾಕುತ್ತಾರೆ. ಅಲ್ಲಿ ಗುಟ್ಟು ಹೊರಗೆ ಬರುತ್ತದೆ. ಮುಕ್ಕಾಲು ಪಾಲು ಜನ ಒಂದು ಕಡೆ ಹೆಸರು ಹೇಳಿಯೇ ಬಿಡುತ್ತಾರೆ. ಕೊನೆಗೆ ಉಳಿಯುವವರು ಹತ್ತರಲ್ಲಿ ಒಬ್ಬರಷ್ಟು.

ಮದುವೆ ಮನೆಯಲ್ಲಿ ಒಬ್ಬರು ಇರುತ್ತಾರೆ, ನೋಡಿದ್ದೀರಲ್ಲ. 'ನಾನು ಹೆಣ್ಣಿನ ಕಡೆಯೂ ಅಲ್ಲ, ಗಂಡಿನ ಕಡೆಯೂ ಅಲ್ಲ, ಸುಮ್ನೆ ಬಂದೆ' ಅನ್ನುತ್ತಾ ಓಡಾಡುತ್ತಾರೆ. ಊಟದ ಪಂಕ್ತಿ ಹಾಕಿದ ಕೂಡಲೇ ಗಂಡಿನ ಕಡೆಯವರ ಮಧ್ಯೆ ಕೂತಿರುತ್ತಾರೆ. ಸ್ವತಂತ್ರ ಅನ್ನುವವರಲ್ಲಿ ಬಹಳ ಮಂದಿ ಇಂಥವರು.

ಮ್ಯಾಸಚೂಸೆಟ್ಸ್‌ನಿಂದ ಬಂದವರು ಇವತ್ತು ತುಂಬಾ ಜನ ಇದ್ದೀರಿ. ನಿಮ್ಮ ರಾಜ್ಯದ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಮತದಾರರ ಪಟ್ಟಿಯಲ್ಲಿ ಯಾವ ಪಕ್ಷಕ್ಕೂ ಹೆಸರು ಬರೆಸಿಲ್ಲ. ಆದರೂ 1984ರಲ್ಲಿ ರೇಗನ್ ಗೆದ್ದ ಮೇಲೆ ಯಾವ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿಗೂ ಅಲ್ಲಿ ಗೆಲುವು ಸಿಕ್ಕಿಲ್ಲ. ನಗಬೇಡಿ, ನಮ್ಮ ನ್ಯೂ ಹ್ಯಾಂಪ್‌ಶೈರ್ ಕಥೆಗೂ ಬರುತ್ತೇನೆ.

ಟಿವಿಯವರಿಗೆ ಮಾತ್ರ ಈ ಸ್ವತಂತ್ರ ಮತದಾರ ಅಂದರೆ ಎರಡು ಪಕ್ಷಗಳ ನಟ್ಟನಡುವೆ ತಕ್ಕಡಿ ಹಿಡಿದು ಕೂತವನು. ಅವನನ್ನು ಗೆದ್ದರೆ ಚುನಾವಣೆ ಗೆದ್ದಂತೆ ಅಂತ ರಾತ್ರಿಯೆಲ್ಲ ಹೇಳುತ್ತಾರೆ. ಮತಗಟ್ಟೆ ಸಮೀಕ್ಷೆಗಳನ್ನು ತೆಗೆದು ನೋಡಿ. 2004ರಲ್ಲಿ ಸ್ವತಂತ್ರರ ಓಟು ಒಂದು ಕೂದಲೆಳೆಯಷ್ಟು ಜಾಸ್ತಿ ಬಿದ್ದದ್ದು ಕೆರ್ರಿಗೆ. ಗೆದ್ದದ್ದು ಬುಷ್, ಅಂದರೆ ಮಗ ಬುಷ್. 2012ರಲ್ಲಿ ಸ್ವತಂತ್ರರ ಓಟು ನೂರಕ್ಕೆ ರಾಮ್ನಿಗೆ 50, ಒಬಾಮಾಗೆ 45. ಗೆದ್ದದ್ದು ಒಬಾಮಾ. 2024ರಲ್ಲಿ ಹ್ಯಾರಿಸ್‌ಗೆ 49, ಟ್ರಂಪ್‌ಗೆ 46. ಗೆದ್ದದ್ದು ಯಾರು ಅಂತ ಈ ಸಭಾಂಗಣದಲ್ಲಿ ಹೇಳಬೇಕಾಗಿಲ್ಲ. ತಮ್ಮ ಪಕ್ಷದವರು ಎಷ್ಟು ಜನ ಮನೆಯಿಂದ ಹೊರಬಂದರು ಅನ್ನುವುದೂ ಅಷ್ಟೇ ಮುಖ್ಯ.

ಇನ್ನು 'ನಡುವೆ' ಅನ್ನುವ ಮಾತು. 2020ರ ಫ್ಲೋರಿಡಾ ನೋಡಿ. ಅಧ್ಯಕ್ಷ ಪದವಿಗೆ ಅಲ್ಲಿ ಗೆದ್ದವರು ಟ್ರಂಪ್. ಅದೇ ದಿನ, ಅದೇ ಮತಪತ್ರದಲ್ಲಿ ಕನಿಷ್ಠ ಕೂಲಿಯನ್ನು ಹಂತಹಂತವಾಗಿ ಗಂಟೆಗೆ 15 ಡಾಲರ್‌ಗೆ ಏರಿಸುವ ರಾಜ್ಯ ಸಂವಿಧಾನದ ತಿದ್ದುಪಡಿಯೂ ಇತ್ತು, ಅದು ಡೆಮಾಕ್ರಟ್ ಕಡೆಯವರ ಬೇಡಿಕೆ. ಅದಕ್ಕೆ ನೂರಕ್ಕೆ 60 ಓಟು ಬೇಕಿತ್ತು. ಅದೂ ಗೆದ್ದಿತು. 2024ರಲ್ಲಿ ಮಿಸ್ಸೂರಿಯವರು ಟ್ರಂಪ್‌ಗೆ ಭಾರೀ ಬಹುಮತ ಕೊಟ್ಟರು, ಡೆಮಾಕ್ರಟ್ ಕಡೆಯವರು ಬೆಂಬಲಿಸುವ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಯನ್ನೂ ಗೆಲ್ಲಿಸಿದರು. ಅರಿಜೋನಾ, ನೆವಾಡಾ, ಮಿಷಿಗನ್, ವಿಸ್ಕಾನ್ಸಿನ್ ನಾಲ್ಕೂ ಕಡೆ ಅಧ್ಯಕ್ಷರಾಗಿ ಟ್ರಂಪ್ ಬೇಕು, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಡೆಮಾಕ್ರಟ್ ಬೇಕು ಅಂತ ತೀರ್ಪು ಬಂತು. ಹೀಗೆ ಓಟು ಹಾಕಿದವರೆಲ್ಲ ಸ್ವತಂತ್ರರೇ ಅಂತ ನಾನು ಹೇಳುತ್ತಿಲ್ಲ. ಆದರೆ ಇವರನ್ನು ನಡುವೆ ಇರುವವರು ಅನ್ನಲು ಆಗುತ್ತದೆಯೇ? ಗಡಿ ಬಿಗಿಯಾಗಿರಬೇಕು ಅನ್ನುವುದು ಒಂದು ತುದಿ. ಕೂಲಿ ಜಾಸ್ತಿ ಆಗಬೇಕು ಅನ್ನುವುದು ಇನ್ನೊಂದು ತುದಿ. ಎರಡೂ ಬೇಕು ಅನ್ನುವವನಿಗೆ ನಡುವಿನ ನೀತಿ ಮಾರಲು ಹೋದರೆ ಅವನು ಕೊಳ್ಳುವುದಿಲ್ಲ. ಎರಡು ಪಕ್ಷಗಳು ಕಟ್ಟಿಟ್ಟ ಗಂಟುಗಳೇ ಅವನಿಗೆ ಒಗ್ಗುವುದಿಲ್ಲ, ಅಷ್ಟೇ. ಇದನ್ನು ನಾನು ಇವತ್ತು ಇನ್ನೂ ಎರಡು ಸಲ ಹೇಳಬಹುದು, ಸಹಿಸಿಕೊಳ್ಳಿ.

ಹಾಗಾದರೆ ಅವನು ತೂಗುವುದು ಏನನ್ನು? ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಇದೆ. ನನ್ನ ಹೆಂಡತಿ ಇದನ್ನು ಎಷ್ಟು ಸಲ ಕೇಳಿದ್ದಾಳೆ ಅಂದರೆ ಈಗಲೇ ಹೊರಗೆ ಕಾಫಿ ಕುಡಿಯಲು ಹೋಗಿದ್ದಾಳೆ.

1992ರ ಅಕ್ಟೋಬರ್ 15. ವರ್ಜೀನಿಯಾದ ರಿಚ್ಮಂಡ್ ವಿಶ್ವವಿದ್ಯಾಲಯ. ಅಭ್ಯರ್ಥಿಗಳಿಗೆ ಪತ್ರಕರ್ತರ ಬದಲು ಇನ್ನೂ ಮನಸ್ಸು ಮಾಡದ ಮತದಾರರೇ ಪ್ರಶ್ನೆ ಕೇಳುವ ಅಧ್ಯಕ್ಷೀಯ ಚರ್ಚೆ ನಡೆದದ್ದು ಅದೇ ಮೊದಲು. ವೇದಿಕೆ ಮೇಲೆ ಮೂರು ಎತ್ತರದ ಸ್ಟೂಲು. ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್, ಅಂದರೆ ಅಪ್ಪ ಬುಷ್. ಡೆಮಾಕ್ರಟ್ ಅಭ್ಯರ್ಥಿ, ಅರ್ಕನ್ಸಾ ಗವರ್ನರ್ ಕ್ಲಿಂಟನ್. ಸ್ವತಂತ್ರ ಅಭ್ಯರ್ಥಿ, ಟೆಕ್ಸಸ್‌ನ ಕೋಟ್ಯಧಿಪತಿ ರಾಸ್ ಪೆರೋ. ಇದಕ್ಕೆ ಒಂದೂವರೆ ವರ್ಷದ ಹಿಂದೆ ಕುವೈತ್ ಯುದ್ಧ ಗೆದ್ದಾಗ ಬುಷ್‌ರನ್ನು ಮೆಚ್ಚಿದವರು ನೂರಕ್ಕೆ 89 ಮಂದಿ. ಅಂಥವರನ್ನು ಸೋಲಿಸುವವರು ಯಾರು ಅಂತ ಆಗ ಎಲ್ಲರೂ ಕೇಳುತ್ತಿದ್ದರು. ಆಮೇಲೆ ಕೆಲಸಗಳು ಹೋದವು. 1992ರ ಬೇಸಿಗೆಯಲ್ಲಿ ನಿರುದ್ಯೋಗ ನೂರಕ್ಕೆ ಎಂಟರ ಹತ್ತಿರ ಬಂದಿತ್ತು.

ಒಬ್ಬ ಯುವತಿ ಎದ್ದು ನಿಂತರು. ರಾಷ್ಟ್ರದ ಸಾಲ ನಿಮ್ಮ ಮೂವರ ಸ್ವಂತ ಬದುಕಿಗೆ ಹೇಗೆ ತಟ್ಟಿದೆ, ತಟ್ಟಿಲ್ಲದಿದ್ದರೆ ಜನರ ಕಷ್ಟಕ್ಕೆ ಮದ್ದು ಹೇಗೆ ಹುಡುಕುತ್ತೀರಿ ಅಂತ ಕೇಳಿದರು. ಆ ಹೊತ್ತಿಗೇ ಬುಷ್ ಕೈಗಡಿಯಾರ ನೋಡಿಕೊಂಡರು. ಕ್ಯಾಮೆರಾ ಅದನ್ನು ಹಿಡಿಯಿತು.

ಪೆರೋ ಮೊದಲು ಉತ್ತರಿಸಿದರು. ಇದಕ್ಕಾಗಿಯೇ ನನ್ನ ವ್ಯಾಪಾರ, ಮನೆ ಬಿಟ್ಟು ಇಲ್ಲಿಗೆ ಬಂದೆ ಅಂದರು. ಬುಷ್ ಬಡ್ಡಿ ದರದ ಮಾತು ಶುರು ಮಾಡಿದರು. ಆಕೆ ಬಿಡಲಿಲ್ಲ. ನಿಮಗೆ, ನಿಮಗೆ ಹೇಗೆ ತಟ್ಟಿದೆ? ಪ್ರಶ್ನೆ ನನಗೆ ಸರಿಯಾಗಿ ಅರ್ಥವಾಗುತ್ತಿಲ್ಲ, ಸಹಾಯ ಮಾಡಿ ಅಂದರು ಬುಷ್. ಚರ್ಚೆ ನಡೆಸುತ್ತಿದ್ದ ಕ್ಯಾರೊಲ್ ಸಿಂಪ್ಸನ್ ನಡುವೆ ಬಂದು, ಆಕೆ ಕೇಳುತ್ತಿರುವುದು ಆರ್ಥಿಕ ಕುಸಿತದ ಬಗ್ಗೆ ಅಂತ ಬಿಡಿಸಿ ಹೇಳಬೇಕಾಯಿತು.

ಇಲ್ಲಿ ಬುಷ್‌ಗೆ ನ್ಯಾಯ ಸಲ್ಲಿಸಬೇಕು. ಅವರು ಒಂದು ಮಾತು ಹೇಳಿದರು: ನಿಮಗೆ ಕ್ಯಾನ್ಸರ್ ಬಂದಿಲ್ಲ, ಹಾಗಾಗಿ ನಿಮಗೆ ಅದರ ಬಗ್ಗೆ ಗೊತ್ತಿಲ್ಲ ಅನ್ನುವುದು ಸರಿಯಲ್ಲ ಅಂತ. ತರ್ಕಕ್ಕೆ ಸರಿಯಾಗಿಯೇ ಇದೆ. ಡಾಕ್ಟರಿಗೆ ಜ್ವರ ಬಂದಿರಲೇಬೇಕು ಅಂತ ನಾವ್ಯಾರೂ ಕೇಳುವುದಿಲ್ಲ, ಅಲ್ವಾ? ಪ್ರಶ್ನೆಯಲ್ಲೂ ಗೊಂದಲ ಇತ್ತು. ರಾಷ್ಟ್ರದ ಸಾಲವೇ ಬೇರೆ, ಕೆಲಸ ಹೋಗುವುದೇ ಬೇರೆ. ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದರೆ ಆ ಪ್ರಶ್ನೆಗೆ ಕೆಂಪು ಗೆರೆ ಎಳೆಯುತ್ತಿದ್ದರು.

ಕ್ಲಿಂಟನ್ ಗೆರೆ ಎಳೆಯಲಿಲ್ಲ. ಸ್ಟೂಲಿನಿಂದ ಎದ್ದು ಆಕೆಯ ಕಡೆಗೆ ನಡೆದರು. ನಿಮಗೆ ಹೇಗೆ ತಟ್ಟಿತು ಅಂತ ಇನ್ನೊಮ್ಮೆ ಹೇಳಿ ಅಂತ ಆಕೆಯನ್ನೇ ಕೇಳಿದರು. ಕೆಲಸ ಕಳೆದುಕೊಂಡವರು, ಮನೆ ಕಳೆದುಕೊಂಡವರು ನಿಮಗೆ ಗೊತ್ತು, ಅಲ್ಲವೇ? ನನ್ನದು ಚಿಕ್ಕ ರಾಜ್ಯ, ಅಲ್ಲಿ ಒಂದು ಫ್ಯಾಕ್ಟರಿ ಮುಚ್ಚಿದರೆ ಅದನ್ನು ನಡೆಸುತ್ತಿದ್ದವರ ಹೆಸರು ನನಗೆ ಗೊತ್ತಿರುತ್ತದೆ ಅಂದರು.

ಆ ರಾತ್ರಿಯಿಂದಲೇ ಬುಷ್ ಸೋತರು ಅಂತ ಕೆಲವರು ಬರೆಯುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಕ್ಲಿಂಟನ್ ಮೊದಲೇ ಮುಂದಿದ್ದರು. ವರ್ಷಗಳಾದ ಮೇಲೆ ಬುಷ್ ಒಂದು ಸಂದರ್ಶನದಲ್ಲಿ, ಈ ಕಾಟ ಇನ್ನು ಹತ್ತೇ ನಿಮಿಷ ಅಂತ ಗಡಿಯಾರ ನೋಡಿದ್ದಿರಬಹುದು ಅಂತ ಪ್ರಾಮಾಣಿಕವಾಗಿ ಹೇಳಿದರು. ಈಗ ಈ ಮುಂದಿನ ಸಾಲಿನವರು ಗಡಿಯಾರ ನೋಡುತ್ತಿರುವುದೂ ನನಗೆ ಕಾಣುತ್ತಿದೆ.

ನನ್ನ ವಾದ ಇದು. ಮನಸ್ಸು ಮಾಡದ ಮತದಾರನಿಗೆ ಪ್ರಣಾಳಿಕೆ ಓದಲು ಬರುವುದಿಲ್ಲ ಅಂತಲ್ಲ. ಅದರಲ್ಲಿ ಬರೆದದ್ದು ನಡೆಯುತ್ತದೆ ಅನ್ನುವ ನಂಬಿಕೆ ಅವನಿಗಿಲ್ಲ. ಪಕ್ಷದವನು ತನ್ನ ಪಕ್ಷ ಹೇಳಿದ್ದನ್ನು ನಂಬಿ ಮುಂದಕ್ಕೆ ನೋಡುತ್ತಾನೆ. ಇವನಿಗೆ ಆ ಸೌಕರ್ಯ ಇಲ್ಲ. ಇವನು ಎರಡನ್ನು ನೋಡುತ್ತಾನೆ. ಕಳೆದ ನಾಲ್ಕು ವರ್ಷ ನನಗೆ ಹೇಗಿತ್ತು? ಮುಂದೆ ಗೊತ್ತಿಲ್ಲದ ಕಷ್ಟ ಬಂದಾಗ ಈ ಮನುಷ್ಯನಿಗೆ ನನ್ನಂಥವರ ನೆನಪು ಆಗುತ್ತದೆಯೇ? ರಿಚ್ಮಂಡ್‌ನ ಆ ಪ್ರಶ್ನೆ ಎರಡನೆಯದನ್ನು ಕೇಳಿತು.

ಮೊದಲನೆಯದನ್ನು ರೇಗನ್ ಚೆನ್ನಾಗಿ ಹಿಡಿದಿದ್ದರು. 1980ರ ಅಕ್ಟೋಬರ್ 28, ಕ್ಲೀವ್‌ಲ್ಯಾಂಡ್. ಚುನಾವಣೆಗೆ ಒಂದೇ ವಾರ. ಅಧ್ಯಕ್ಷ ಕಾರ್ಟರ್ ಜೊತೆಗಿನ ಚರ್ಚೆಯಲ್ಲಿ, ನಾಲ್ಕು ವರ್ಷದ ಹಿಂದಿಗಿಂತ ಈಗ ನೀವು ಚೆನ್ನಾಗಿದ್ದೀರಾ ಅಂತ ಜನರನ್ನೇ ಕೇಳಿದರು. ಬೆಲೆಗಳು ವರ್ಷಕ್ಕೆ ನೂರಕ್ಕೆ 13ರಷ್ಟು ಏರುತ್ತಿದ್ದ ಕಾಲ. ಇರಾನ್‌ನಲ್ಲಿ 52 ಮಂದಿ ಅಮೆರಿಕನ್ನರು ಒತ್ತೆಯಾಳುಗಳು. ಕಾರ್ಟರ್‌ಗೆ ಏನು ಉತ್ತರ ಇತ್ತು?

2024ರಲ್ಲೂ ಹೀಗೇ ಆಯಿತು. 2022ರ ಜೂನ್‌ನಲ್ಲಿ ಹಣದುಬ್ಬರ ನೂರಕ್ಕೆ 9.1 ಮುಟ್ಟಿತ್ತು. ಚುನಾವಣೆ ಹೊತ್ತಿಗೆ ಅದು ಇಳಿದಿತ್ತು, ಪರಿಣತರು ಚಾರ್ಟು ತೋರಿಸಿದರು. ಏರಿಕೆಯ ವೇಗ ಇಳಿದಿತ್ತು ಸ್ವಾಮಿ, ಬೆಲೆ ಇಳಿದಿರಲಿಲ್ಲ. ಅಂಗಡಿಗೆ ಹೋಗುವವನು ನೋಡುವುದು ಬೆಲೆಯನ್ನು. ಅವನನ್ನು ದಡ್ಡ ಅಂದರೆ ನನಗೆ ಸಿಟ್ಟು ಬರುತ್ತದೆ. ಇಲ್ಲೂ ನೋಡಿ, ಅವನು ನಡುವೆ ನಿಂತಿಲ್ಲ. ಅವನು ಹಿಂದಕ್ಕೆ ತಿರುಗಿ ನಿಂತಿದ್ದಾನೆ. ಹಿಂದಿನದನ್ನೇ ನೋಡಿ ತೂಗುವುದರಲ್ಲಿ ಒಂದು ತೊಂದರೆ ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಅಧ್ಯಕ್ಷರ ಕೈಯಲ್ಲಿ ಇಲ್ಲದ ಎಣ್ಣೆ ಬೆಲೆಗೂ ಶಿಕ್ಷೆ ಆಗುತ್ತದೆ.

ಇನ್ನು ಇಬ್ಬರೂ ಇಷ್ಟವಿಲ್ಲದಾಗ? 2016ರಲ್ಲಿ ಓಟು ಹಾಕಿದವರಲ್ಲಿ ನೂರಕ್ಕೆ 18 ಮಂದಿಗೆ ಟ್ರಂಪ್ ಮೇಲೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಹಿಲರಿ ಮೇಲೂ ಇರಲಿಲ್ಲ. ಅವರಲ್ಲಿ ನೂರಕ್ಕೆ 47 ಭಾಗ ಟ್ರಂಪ್ ಕಡೆ ಹೋಯಿತು, 30 ಭಾಗ ಹಿಲರಿ ಕಡೆ. ಎಂಟು ವರ್ಷ ಹಿಲರಿಯ ಡೆಮಾಕ್ರಟಿಕ್ ಪಕ್ಷವೇ ಆಳಿದ ಮೇಲೆ, ಇಬ್ಬರೂ ಬೇಡವಾದವನು ಹೊಸಬನ ಕಡೆ ವಾಲಿದ. ಆ ಚುನಾವಣೆ ತೀರ್ಮಾನವಾದದ್ದು ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಸೇರಿ ಸುಮಾರು 78 ಸಾವಿರ ಓಟಿನ ಅಂತರದಲ್ಲಿ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಇಲ್ಲ, ಐದು. ಸರಿ, ಬೇಗ ಬೇಗ ಹೇಳುತ್ತೇನೆ.

ಮೂರನೇ ಅಭ್ಯರ್ಥಿಗಳ ಬಗ್ಗೆ ದೊಡ್ಡ ಭಾಗ ಬರೆದುಕೊಂಡು ಬಂದಿದ್ದೆ. ಪೆರೋಗೆ 1992ರಲ್ಲಿ ನೂರಕ್ಕೆ 19ರಷ್ಟು ಓಟು, ರಾಜ್ಯವಾರು ಗೆಲುವನ್ನು ಎಣಿಸಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಸೊನ್ನೆ. 2000ದಲ್ಲಿ ಫ್ಲೋರಿಡಾದಲ್ಲಿ ಗ್ರೀನ್ ಪಕ್ಷದ ನೇಡರ್‌ಗೆ 97 ಸಾವಿರ ಓಟು, ಮಗ ಬುಷ್ ಅಲ್ಲಿ ಗೆದ್ದದ್ದು 537 ಓಟಿನಿಂದ. ಹಾಕಿದ ಓಟು ಒಂದೋ ಲೆಕ್ಕಕ್ಕೆ ಬರುವುದಿಲ್ಲ, ಇಲ್ಲ ಬೇಡದವನ ಗೆಲುವಿಗೆ ದಾರಿ ಮಾಡಬಹುದು. ಸ್ವತಂತ್ರ ಮತದಾರ ಮೂರನೇ ಅಭ್ಯರ್ಥಿಗೆ ಓಟು ಹಾಕಲು ಯಾಕೆ ಹಿಂಜರಿಯುತ್ತಾನೆ ಅನ್ನುವುದಕ್ಕೆ ಈ ಎರಡು ಲೆಕ್ಕ ಸಾಕು.

ನಮ್ಮವರ ವಿಷಯ ಒಂದು. ಭಾರತೀಯ ಅಮೆರಿಕನ್ನರಲ್ಲಿ ತಮ್ಮನ್ನು ಡೆಮಾಕ್ರಟ್ ಅಂದುಕೊಳ್ಳುವವರು 2020ರಲ್ಲಿ ನೂರಕ್ಕೆ 56 ಇದ್ದದ್ದು 2024ಕ್ಕೆ 47 ಆಯಿತು ಅಂತ ಕಾರ್ನೆಗಿ ಸಂಸ್ಥೆಯ ಸಮೀಕ್ಷೆ ಹೇಳಿತು. ಬಿಟ್ಟು ಬಂದವರೆಲ್ಲ ಇನ್ನೊಂದು ಪಕ್ಷಕ್ಕೆ ಹೋಗಲಿಲ್ಲ, ಸ್ವತಂತ್ರರು ಹೆಚ್ಚಾದರು. ದಡ್ಡರು ಅಂತ ಬೈಯುವ ಮೊದಲು ಪಕ್ಕದ ಕುರ್ಚಿ ನೋಡಿಕೊಳ್ಳಿ.

ಕೊನೆಗೆ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮೊದಲು ಆರಿಸುವ ಚುನಾವಣೆ. ಪೆನ್ಸಿಲ್ವೇನಿಯಾ, ಫ್ಲೋರಿಡಾದಂಥ ಕಡೆ ಪಕ್ಷಕ್ಕೆ ಹೆಸರು ಬರೆಸದವನಿಗೆ ಅಧ್ಯಕ್ಷೀಯ ಪ್ರೈಮರಿಯಲ್ಲಿ ಓಟೇ ಇಲ್ಲ. ಯಾರನ್ನು ತೂಗಬೇಕು ಅನ್ನುವುದನ್ನು ಬೇರೆಯವರು ತೀರ್ಮಾನಿಸಿ ಆಗಿರುತ್ತದೆ. ನವೆಂಬರ್‌ನಲ್ಲಿ ಅವನು ಮುಖ ಸಿಂಡರಿಸಿದರೆ ಆಶ್ಚರ್ಯ ಏನಿದೆ? ನ್ಯೂ ಹ್ಯಾಂಪ್‌ಶೈರ್ ಕಥೆ ಬೇರೆ. ಇಲ್ಲಿ ಪಕ್ಷ ಹೇಳದವರು ಪ್ರೈಮರಿ ದಿನ ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳಿ ತೆಗೆದುಕೊಳ್ಳಬಹುದು. 2000ದ ರಿಪಬ್ಲಿಕನ್ ಪ್ರೈಮರಿಯಲ್ಲಿ ಸೆನೆಟರ್ ಮೆಕೇನ್ ಇಲ್ಲಿ ಮಗ ಬುಷ್‌ರನ್ನು ದೊಡ್ಡ ಅಂತರದಲ್ಲಿ ಸೋಲಿಸಿದ್ದು ಇಂಥವರ ಬಲದಿಂದ. ಒಂದು ವಿಷಯ ಮಾತ್ರ ನೆನಪಿಡಿ. ಮತಪತ್ರ ತೆಗೆದುಕೊಂಡ ಕೂಡಲೇ ನಿಮ್ಮ ಹೆಸರು ಆ ಪಕ್ಷಕ್ಕೆ ಸೇರುತ್ತದೆ. ಮತಗಟ್ಟೆಯಿಂದ ಹೊರಡುವ ಮೊದಲು ಅಲ್ಲೇ ಮೇಜಿನ ಹತ್ತಿರ ಒಂದು ಕಾರ್ಡು ತುಂಬಿ ಕೊಟ್ಟರೆ ಮತ್ತೆ ಪಕ್ಷವಿಲ್ಲದವರಾಗುತ್ತೀರಿ. ಚಳಿಗೆ ಹೆದರಿ ಕಾರಿನ ಕಡೆ ಓಡಿದವರು ಪಕ್ಷದಲ್ಲೇ ಉಳಿದುಬಿಡುತ್ತಾರೆ. ಕಾರ್ಡು ತುಂಬಿ.

ಉಳಿದದ್ದನ್ನು ಪ್ರಶ್ನೆಗಳಲ್ಲಿ ನೋಡೋಣ. ಮೈಕ್ ಯಾರ ಹತ್ತಿರ ಇದೆ? ಆ ಹಿಂದಿನ ಸಾಲಿನಲ್ಲಿ ಕೈ ಎತ್ತಿದ್ದಾರಲ್ಲ, ಅವರಿಗೆ ಕೊಡಿ.