ಪಿನ್ನು ಕೂತಿತು, ಕರೆಂಟು ಒಗ್ಗೀತೇ?

ಎಲ್ಲರಿಗೂ ನಮಸ್ಕಾರ. ಗಲ್ಫಿನಿಂದ, ಅಮೆರಿಕದಿಂದ ತಂದ ಮಿಕ್ಸಿ, ಕೆಟಲ್, ಫ್ರಿಜ್ಜುಗಳನ್ನು ನಮ್ಮ ಕರೆಂಟಿಗೆ ಹಾಕಬಹುದೇ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಿ ಎಂದು ವಾಚನಾಲಯದವರು ಕೇಳಿದ್ದಾರೆ. ಮೋಟಾರು ವೈಂಡಿಂಗ್ ಮಾಡುವ ನನಗೆ ಈ ಪ್ರಶ್ನೆ ಬಾರದ ವಾರವಿಲ್ಲ. ಉಪ್ಪಳದಿಂದ ಕಾಸರಗೋಡು ಪೇಟೆಯವರೆಗೆ ಕಡಲಾಚೆ ಒಬ್ಬರಾದರೂ ಇಲ್ಲದ ಮನೆ ಹುಡುಕುವುದೇ ಕಷ್ಟ. ಅವರು ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಎಂತಾದರೂ ಒಂದು ಕರೆಂಟಿನ ಸಾಮಾನು ಇದ್ದೇ ಇರುತ್ತದೆ.

ಮೊದಲು ದುಬಾಯಿಯ ವಿಷಯ ಮುಗಿಸಿಬಿಡುತ್ತೇನೆ, ಅದರಲ್ಲಿ ಹೆದರಲಿಕ್ಕೆ ಕಡಿಮೆ. ಯುಎಇ, ಕತಾರ್, ಒಮಾನ್, ಕುವೈತ್, ಬಹರೈನ್ ಎಲ್ಲ ಕಡೆ 230 ಅಥವಾ 240 ವೋಲ್ಟ್, 50 ಹರ್ಟ್ಸ್. ವೋಲ್ಟ್ ಅಂದರೆ ಕರೆಂಟನ್ನು ತಳ್ಳುವ ಒತ್ತಡ, ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಹೋಗಿ ಬರುತ್ತದೆ ಎಂಬ ಲೆಕ್ಕ. ನಮ್ಮದು 230, 50. ಸಾಮಾನಿನ ಮೇಲೆ ಅಂಟಿಸಿದ ಚೀಟಿಯಲ್ಲಿ 220 ಎಂದಿರಲಿ, 240 ಎಂದಿರಲಿ, ಇಲ್ಲಿ ನಡೆಯುತ್ತದೆ. ತೊಂದರೆ ಇರುವುದು ಪಿನ್ನಿನಲ್ಲಿ. ಅಲ್ಲಿಯ ಮೂರು ಚಪ್ಪಟೆ ಕಾಲಿನ ಪಿನ್ನು ಬ್ರಿಟಿಷ್ ಮಾದರಿಯದು. ಬಿಚ್ಚಿ ನೋಡಿದರೆ ಒಳಗೆ ಬೆರಳಿನ ಗೆಣ್ಣಿನಷ್ಟುದ್ದದ ಒಂದು ಫ್ಯೂಸ್ ಇರುತ್ತದೆ, ಹೆಚ್ಚೆಂದರೆ 13 ಆಂಪಿಯರಿನದು (ಆಂಪಿಯರ್ ಅಂದರೆ ಹರಿಯುವ ಕರೆಂಟಿನ ಅಳತೆ). ನಾವು ಏನು ಮಾಡುತ್ತೇವೆ? ಅದನ್ನು ಕತ್ತರಿಸಿ ನಮ್ಮ ಸಣ್ಣ ಪಿನ್ನು ಹಾಕುತ್ತೇವೆ, ಇಲ್ಲವೇ ಪೇಟೆಯಲ್ಲಿ ಸಿಗುವ ಅಗ್ಗದ ಅಡಾಪ್ಟರ್ ಸಿಕ್ಕಿಸುತ್ತೇವೆ. 3000 ವ್ಯಾಟಿನ ಕೆಟಲ್ ಎಳೆಯುವುದು 13 ಆಂಪಿಯರ್. ನಮ್ಮ ಸಣ್ಣ ಸಾಕೆಟ್ಟು 6 ಆಂಪಿಯರಿನದು. ಚಹಾ ಕುದಿಯುವ ಮೊದಲು ಸಾಕೆಟ್ಟು ಕರಗುವ ವಾಸನೆ ಬರುತ್ತದೆ. ಅಂಥದ್ದಕ್ಕೆ 16 ಆಂಪಿಯರಿನ ದೊಡ್ಡ ಪಿನ್ನು, ದೊಡ್ಡ ಸಾಕೆಟ್ಟೇ ಬೇಕು.

ಇನ್ನು ಅಲ್ಲಿಗೆ ಹೋದ ನಮ್ಮ ಮಕ್ಕಳ ಒಂದು ಅಭ್ಯಾಸ. ಆ ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಬಾಗಿಲಿರುತ್ತದೆ. ಮೇಲಿನ ಅರ್ಥ್ ತೂತಿಗೆ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿಯದು) ಉದ್ದದ ಕಾಲು ಹೋದರೆ ಮಾತ್ರ ಅದು ತೆರೆಯುತ್ತದೆ. ಊರಿನಿಂದ ಒಯ್ದ ಎರಡು ಕಾಲಿನ ಚಾರ್ಜರ್ ತೂರಿಸಲು ಆ ಅರ್ಥ್ ತೂತಿನೊಳಗೆ ಪೆನ್ನು ಒತ್ತುತ್ತಾರೆ. ಪೆನ್ನಿನ ಬದಲು ಸ್ಕ್ರೂಡ್ರೈವರ್ ಕೈಗೆ ಸಿಕ್ಕಿದರೆ? ಅರ್ಥಿನಲ್ಲಿ ಕರೆಂಟಿರುವುದಿಲ್ಲ ಎಂಬ ಧೈರ್ಯ ವೈರಿಂಗ್ ಸರಿಯಿದ್ದಾಗ ಮಾತ್ರ.

ಈಗ ಅಮೆರಿಕ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ ದೀಪ ಹಚ್ಚಿದ್ದು 110 ವೋಲ್ಟಿನಲ್ಲಿ, ಆ ಕಾಲದ ಬಲ್ಬಿನ ತಂತುವಿಗೆ ಹೊಂದುವಂತೆ. ಯುರೋಪಿನವರು ಆಮೇಲೆ 220ಕ್ಕೆ ಹೋದರು. ವೋಲ್ಟೇಜು ಇಮ್ಮಡಿಯಾದರೆ ಅಷ್ಟೇ ಕೆಲಸಕ್ಕೆ ಕರೆಂಟು ಅರ್ಧ ಸಾಕು, ತಂತಿ ಸಪೂರವಾದರೂ ನಡೆಯುತ್ತದೆ, ತಾಮ್ರದ ಖರ್ಚು ಇಳಿಯುತ್ತದೆ. ಅಮೆರಿಕದಲ್ಲಿ ಅಷ್ಟು ಹೊತ್ತಿಗೆ ಮನೆಮನೆಗೂ ಸಾಮಾನು ತುಂಬಿತ್ತು, ಹಾಗಾಗಿ ಹಳೆಯದೇ ಉಳಿಯಿತು.

ಅಲ್ಲಿಂದ ತಂದ 120 ವೋಲ್ಟಿನ, 1000 ವ್ಯಾಟಿನ ಕೆಟಲ್ಲನ್ನು ಇಲ್ಲಿ ನೇರ ಹಾಕಿದರೆ ಎಂತ ಆಗುತ್ತದೆ? ವೋಲ್ಟೇಜು ಇಮ್ಮಡಿಯಾಯಿತು, ಶಾಖವೂ ಇಮ್ಮಡಿ ಎಂದು ಹಲವರ ಲೆಕ್ಕ. ಹಾಗಲ್ಲ. ಕಾಯಿಲಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 14.4 ಓಮ್. ಅದಕ್ಕೆ 230 ಕೊಟ್ಟರೆ 16 ಆಂಪಿಯರ್ ಹರಿಯುತ್ತದೆ, ಅಂದರೆ ಸುಮಾರು 3670 ವ್ಯಾಟ್. ವೋಲ್ಟೇಜು ಎಷ್ಟು ಪಟ್ಟು ಏರುತ್ತದೋ ಶಾಖ ಅದರ ವರ್ಗದಷ್ಟು ಏರುತ್ತದೆ. ತಿರುಗಿ ನಮ್ಮ 1500 ವ್ಯಾಟಿನ ಕೆಟಲ್ಲನ್ನು ಮಗಳಿಗೆಂದು ಅಲ್ಲಿಗೆ ಕಳುಹಿಸಿದರೆ ಅದು 400 ವ್ಯಾಟಿಗೆ ಇಳಿಯುತ್ತದೆ. ಸುಟ್ಟುಹೋಗುವ ಭಯವಿಲ್ಲ, ಆದರೆ ನೀರು ಕುದಿಯುವಷ್ಟರಲ್ಲಿ ಅವಳ ಬಸ್ಸು ಹೋಗಿರುತ್ತದೆ.

ಟ್ರಾನ್ಸ್‌ಫಾರ್ಮರ್ ಹಾಕಿದರಾಯಿತಲ್ಲ ಎನ್ನುತ್ತೀರಿ. ಹಾಕಬಹುದು. ಇಲ್ಲಿಂದ ಒಯ್ದ 750 ವ್ಯಾಟಿನ ಮಿಕ್ಸಿಗೆ 750ರದ್ದೇ ಸಾಲದು. ಮೋಟಾರು ಶುರುವಾಗುವಾಗ ಹೆಚ್ಚು ಎಳೆಯುವುದರಿಂದ ದುಪ್ಪಟ್ಟಿನದು ಬೇಕು. ಅದರ ಭಾರ, ಬೆಲೆ ಎರಡನ್ನೂ ಕೂಡಿಸಿದರೆ ಅಲ್ಲಿಯ ಕರೆಂಟಿಗೆಂದೇ ಮಾಡಿದ 110 ವೋಲ್ಟಿನ ಮಿಕ್ಸಿ ಕೊಳ್ಳುವುದೇ ಮೇಲು. ನಮ್ಮ ದೇಶದ ಮಿಕ್ಸಿ ಕಂಪನಿಗಳೇ ಅದನ್ನು ಮಾಡುತ್ತವೆ. ಪ್ರಯಾಣಕ್ಕೆಂದು ಮಾರುವ ಅಂಗೈ ಅಗಲದ ‘ಕನ್ವರ್ಟರ್’ಗಳನ್ನು ಮಾತ್ರ ನಂಬಬೇಡಿ. ಅವುಗಳಲ್ಲಿ ಹೆಚ್ಚಿನವು ಇಸ್ತ್ರಿಪೆಟ್ಟಿಗೆಯಂಥ ಬರೀ ಶಾಖದ ಸಾಮಾನಿಗೆ ಮಾಡಿದವು. ಎಲೆಕ್ಟ್ರಾನಿಕ್ ಸಾಮಾನಿಗೆ ಹಾಕಿದರೆ ಕೆಡುತ್ತದೆ.

ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜು ಬದಲಾಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ನನ್ನ ಅಂಗಡಿಗೆ ಬರುವವರು ಎಡವುವುದು ಇಲ್ಲಿ. ಮಿಕ್ಸಿಯ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇರುತ್ತದೆ, ಅದಕ್ಕೆ 50 ಆದರೂ ಒಂದೇ, 60 ಆದರೂ ಒಂದೇ. ಗ್ರೈಂಡರು, ಫ್ಯಾನು, ಹಳೆಯ ಫ್ರಿಜ್ಜು ಹಾಗಲ್ಲ. ಅವು ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರಿನವು, ಹರ್ಟ್ಸ್ ಹೇಳಿದಂತೆ ತಿರುಗುತ್ತವೆ. ಇಲ್ಲಿಯ ಗ್ರೈಂಡರು ಅಮೆರಿಕದಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೂ ಐದನೇ ಒಂದರಷ್ಟು ಹೆಚ್ಚು ಜೋರಾಗಿ ತಿರುಗುತ್ತದೆ. ಕರೆಂಟಿನ ಹರ್ಟ್ಸ್ ನೋಡಿ ನಡೆಯುವ ಅಲ್ಲಿಯ ಹಳೆಯ ಗಡಿಯಾರ ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ.

ಸೌದಿಯಿಂದ ಬಂದವರು ಇದನ್ನು ಗಮನವಿಟ್ಟು ಕೇಳಬೇಕು. ಬೇರೆ ಗಲ್ಫ್ ದೇಶಗಳಂತಲ್ಲ, ಸೌದಿಯಲ್ಲಿ 60 ಹರ್ಟ್ಸ್. ಹಳೆಯ ಕಟ್ಟಡಗಳಲ್ಲಿ 127 ಮತ್ತು 220 ಎರಡೂ ಇದ್ದವು: ಫೇಸಿನಿಂದ ನ್ಯೂಟ್ರಲಿಗೆ 127, ಫೇಸಿನಿಂದ ಫೇಸಿಗೆ 220. ಫೇಸ್ ಅಂದರೆ ಕರೆಂಟು ತರುವ ತಂತಿ, ನ್ಯೂಟ್ರಲ್ ಅಂದರೆ ಅದು ಮರಳುವ ತಂತಿ. ಅಲ್ಲಿಯ 220 ವೋಲ್ಟಿನ ಫ್ರಿಜ್ಜು ಇಲ್ಲಿ ‘ಓಡುತ್ತದೆ’, ಅದೇ ಮೋಸ. ಹರ್ಟ್ಸ್ ಇಳಿದು ವೋಲ್ಟೇಜು ಏರಿದಾಗ ಕಂಪ್ರೆಸರಿನ ಕಬ್ಬಿಣದ ಮೇಲೆ ಕಾಂತದ ಹೊರೆ ಕಾಲು ಪಾಲು ಹೆಚ್ಚುತ್ತದೆ, ವೇಗವೋ ಕಡಿಮೆ. ಬಿಸಿಯಾಗುತ್ತಾ ಆಗುತ್ತಾ ಒಂದು ಬೇಸಗೆಯಲ್ಲಿ ನಿಲ್ಲುತ್ತದೆ. ಚೀಟಿಯಲ್ಲಿ 50/60 ಎಂದಿದ್ದರೆ ತನ್ನಿ. ಬರೀ 60 ಎಂದಿದ್ದರೆ ಅಲ್ಲಿಯೇ ಮಾರಿ ಬನ್ನಿ, ಹಡಗಿನ ಬಾಡಿಗೆಯಾದರೂ ಉಳಿಯುತ್ತದೆ.

ಈ ಗೊಂದಲ ಒಂದೇ ದೇಶದೊಳಗೂ ಇದೆ. ಜಪಾನಿನಲ್ಲಿ ಮನೆಗೆ 100 ವೋಲ್ಟ್, ಆದರೆ ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಹತ್ತೊಂಬತ್ತನೇ ಶತಮಾನದ ಕೊನೆಗೆ ಒಂದು ಊರು ಜರ್ಮನಿಯ ಯಂತ್ರ ತರಿಸಿತು, ಇನ್ನೊಂದು ಅಮೆರಿಕದ್ದನ್ನು; ಇವತ್ತಿಗೂ ಸರಿಹೋಗಿಲ್ಲ. ನಮ್ಮಲ್ಲಿಯೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದದ್ದು 25 ಹರ್ಟ್ಸಿನ ವಿದ್ಯುತ್ತು. ಈಗ ದೇಶಕ್ಕೆಲ್ಲ ಒಂದೇ ತಾಳ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನು ದಕ್ಷಿಣದ ಗ್ರಿಡ್ಡನ್ನು, ಅಂದರೆ ವಿದ್ಯುತ್ ಜಾಲವನ್ನು, ಉಳಿದ ಭಾರತದ ಜೊತೆ ಕಟ್ಟಿತು. ಗಡಿಯ ತಲಪಾಡಿ ದಾಟಿದರೆ ಬಿಲ್ಲು ಕರ್ನಾಟಕದ ಮೆಸ್ಕಾಂನಿಂದ ಕೇರಳದ ಕೆಎಸ್‌ಇಬಿಗೆ ಬದಲಾಗುತ್ತದೆ, ಬೋರ್ಡಿನ ಅಕ್ಷರ ಬದಲಾಗುತ್ತದೆ, ಫ್ಯಾನಿಗೆ ಸುದ್ದಿಯೇ ಇಲ್ಲ.

ಫೋನು, ಲ್ಯಾಪ್‌ಟಾಪ್ ಚಾರ್ಜರುಗಳ ಚಿಂತೆ ಬೇಡ. ಬೆನ್ನಿನ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದಿರುತ್ತದೆ. ಕಣ್ಣಿಗೆ ಹಿಡಿಯದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ‘ಔಟ್‌ಪುಟ್’ ಸಾಲನ್ನು ಓದಿ ಗಾಬರಿಯಾಗಬೇಡಿ, ಅದು ಫೋನಿಗೆ ಹೋಗುವುದು.

ಕೊನೆಗೆ, ವಿದೇಶಕ್ಕೆ ಹೋಗದೆಯೇ ನಮ್ಮ ಮನೆಗೆ ಬೇರೆ ವೋಲ್ಟೇಜು ಬರುವ ಸಂದರ್ಭ. ಬೇಸಗೆಯಲ್ಲಿ ಎಲ್ಲರೂ ಒಟ್ಟಿಗೆ ಅಡಿಕೆ ತೋಟಕ್ಕೆ ಪಂಪು ಬಿಟ್ಟಾಗ ವೋಲ್ಟೇಜು ಬೀಳುವುದು ನಿಮಗೆ ಗೊತ್ತು; ಆಗ ಮೋಟಾರು ಹೆಚ್ಚು ಆಂಪಿಯರ್ ಎಳೆದು ವೈಂಡಿಂಗ್ ಸುಡುತ್ತದೆ, ನನಗೆ ಕೆಲಸ ಸಿಗುತ್ತದೆ. ಅದಕ್ಕಿಂತ ಕೆಟ್ಟದ್ದು ಮಳೆಗಾಲದ್ದು. ಮರ ಬಿದ್ದು ಲೈನಿನ ನ್ಯೂಟ್ರಲ್ ಒಂದೇ ಕಡಿದರೆ, ಲೈನಿನ ಮೂರು ಫೇಸುಗಳಲ್ಲಿ ಬಳಕೆ ಕಡಿಮೆ ಇರುವ ಫೇಸಿನ ಮನೆಗಳಿಗೆ 230ರ ಬದಲು 300, 350, ಕೆಲವೊಮ್ಮೆ 400ರ ಹತ್ತಿರ ಬರುತ್ತದೆ. ನಿಮ್ಮ ಮನೆಯ ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುತ್ತದೆ, ಫ್ಯಾನು ಹುಚ್ಚು ಹಿಡಿದಂತೆ ತಿರುಗುತ್ತದೆ, ಪಕ್ಕದ ಮನೆಯವರಿಗೆ ಮಿಣಿಮಿಣಿ. ಸಾಮಾನ್ಯ ಸ್ಟೆಬಿಲೈಸರ್ ಇದನ್ನು ತಡೆಯಲಾರದು. ಟಿವಿಯ ಪಿನ್ನು ಕೀಳಲು ಓಡಬೇಡಿ, ನೇರ ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ 1912ಕ್ಕೆ ಫೋನು ಮಾಡಿ. ಲೈನ್‌ಮನ್ ಸರಿಮಾಡಿ ಹೋದ ಮೇಲೆ ಮೊದಲು ಒಂದೇ ಒಂದು ಬಲ್ಬು ಹಾಕಿ ನೋಡಿ. ಅದು ಎಂದಿನಂತೆ ಉರಿದರೆ ಉಳಿದದ್ದನ್ನು ಒಂದೊಂದಾಗಿ ಹಾಕಿ, ಫ್ರಿಜ್ಜು ಕೊನೆಗೆ.

ಪ್ರಶ್ನೆಗಳಿದ್ದರೆ ಕೇಳಿ.