ನಾಳೆಯ ಲೋಕಕ್ಕೆ ನಿನ್ನೆಯ ಉಡುಪು

ಕೇಳುಗರಿಗೆ ನಮಸ್ಕಾರ.

ಮುನ್ನೂರು ವರ್ಷ ಆಚೆಗಿನ ಮನುಷ್ಯನನ್ನು ತೆರೆಯ ಮೇಲೆ ತೋರಿಸಬೇಕು ಅಂದುಕೊಳ್ಳಿ. ಸಿನಿಮಾದವರಿಗೆ ರಾಕೆಟ್ಟು ಅಷ್ಟು ದೊಡ್ಡ ತಲೆನೋವಲ್ಲ, ಹೇಗೆ ಕಟ್ಟಿದರೂ ನಾವು ನಂಬುತ್ತೇವೆ. ತಲೆನೋವೆಲ್ಲ ಅಂಗಿಯದು. ಕೋಟಿನ ಕಾಲರು ಅಂಗೈಯಗಲ ಇದ್ದರೆ ಎಪ್ಪತ್ತರ ದಶಕ, ಭುಜಕ್ಕೆ ಮೆತ್ತೆ ತುಂಬಿದ್ದರೆ ಎಂಬತ್ತರ ದಶಕ. ಹೊಲಿಗೆ ನೋಡಿಯೇ ಜನ ಇಸವಿ ಹೇಳಿಬಿಡುತ್ತಾರೆ. ಬೆಳ್ಳಿ ಬಣ್ಣದ ಮೈಗಂಟು ದಿರಿಸು ತೊಡಿಸಿ ಪಾರಾಗೋಣ ಎಂದವರ ಚಿತ್ರಗಳು ಹತ್ತೇ ವರ್ಷದಲ್ಲಿ ನಗೆಪಾಟಲಾದವು.

ಹಾಗಾಗಿ ಪಾಶ್ಚಾತ್ಯ ವಿನ್ಯಾಸಕರು ಏಷ್ಯಾದ ಕಡೆ ಕೈಚಾಚಿದರು. ಮೊದಮೊದಲು ಚಾಚಿದ್ದು ಒಳ್ಳೆಯ ಮನಸ್ಸಿನಿಂದೇನೂ ಅಲ್ಲ. 1934ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಶುರುವಾದ ಫ್ಲಾಶ್ ಗಾರ್ಡನ್ ಎಂಬ ಚಿತ್ರಕಥೆಯಲ್ಲಿ ಬೇರೊಂದು ಗ್ರಹದ ಕ್ರೂರ ಚಕ್ರವರ್ತಿಯೊಬ್ಬ ಬರುತ್ತಾನೆ. ನುಣ್ಣನೆಯ ತಲೆ, ಇಳಿಬಿದ್ದ ಮೀಸೆ, ಎತ್ತರದ ಕಾಲರಿನ ನಿಲುವಂಗಿ. ಹೆಸರು ಮಿಂಗ್, ಚೀನಾದ ರಾಜವಂಶವೊಂದರ ಹೆಸರೇ. ಎರಡು ವರ್ಷದ ನಂತರ ಅವನು ಸಿನಿಮಾಕ್ಕೂ ಬಂದ. ಏಷ್ಯಾದ ಉಡುಪು ಕಂಡರೆ ಖಳನಾಯಕ ಬಂದನೆಂದು ತಿಳಿಯಬೇಕು, ಅಷ್ಟೇ ಅದರ ಕೆಲಸ. ಬಟ್ಟೆಯ ಬಗ್ಗೆ ಅಲ್ಲಿ ಯಾರಿಗೂ ಕುತೂಹಲ ಇದ್ದಂತಿಲ್ಲ.

1977ರ ಸ್ಟಾರ್ ವಾರ್ಸ್ ಎಂಬ ಅಂತರಿಕ್ಷದ ಚಿತ್ರದ ಹೊತ್ತಿಗೆ ಲೆಕ್ಕ ಬದಲಾಯಿತು. ನಿರ್ದೇಶಕ ಜಾರ್ಜ್ ಲ್ಯೂಕಸ್ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ, ಸಮುರಾಯ್ ಎಂಬ ಹಳೆಯ ಕಾಲದ ಯೋಧರ ಚಿತ್ರಗಳಿಗೆ ಮನಸೋತವರು. ವಸ್ತ್ರವಿನ್ಯಾಸಕ ಜಾನ್ ಮೊಲ್ಲೊ ಸೇನಾ ಸಮವಸ್ತ್ರಗಳ ಇತಿಹಾಸ ಬಲ್ಲವರು, ಈ ಚಿತ್ರಕ್ಕೇ ಆಸ್ಕರ್ ಪಡೆದರು. ಚಿತ್ರದ ಖಳನಾಯಕ ಡಾರ್ತ್ ವೇಡರನ ಕಪ್ಪು ಶಿರಸ್ತ್ರಾಣವನ್ನು ನೆನಪು ಮಾಡಿಕೊಳ್ಳಿ. ಹಿಂಭಾಗ ಕತ್ತಿನ ಮೇಲೆ ಗಂಟೆಯ ಬಾಯಿಯಂತೆ ಅಗಲವಾಗಿ ಹರಡಿದೆಯಲ್ಲ? ಸಮುರಾಯ್ ಯೋಧರ ಕಬುಟೊ ಎಂಬ ಶಿರಸ್ತ್ರಾಣದಲ್ಲಿ ಆ ಜಾಗದಲ್ಲಿ ಪಟ್ಟಿಯ ಕೆಳಗೆ ಪಟ್ಟಿ ಪೋಣಿಸಿದ ಕತ್ತಿನ ಕಾಪು ಇರುತ್ತದೆ, ಕತ್ತಿಯ ಏಟು ಕುತ್ತಿಗೆಗೆ ಬೀಳದಿರಲಿ ಅಂತ. ಮುಖವಾಡದ ಕಥೆ ಬೇರೆ. ಈತ ಒಂದು ನೌಕೆಯಿಂದ ಇನ್ನೊಂದಕ್ಕೆ ಗಾಳಿಯಿಲ್ಲದ ಬಯಲು ದಾಟಿ ಬರಬೇಕು, ಉಸಿರಾಡುವುದು ಹೇಗೆ ಎಂಬ ಪ್ರಶ್ನೆ ಚಿತ್ರಕಾರ ರಾಲ್ಫ್ ಮೆಕ್ವಾರಿಗೆ ಬಂತು. ಉಸಿರಿನ ಯಂತ್ರವೂ ಸಮುರಾಯ್ ಶಿರಸ್ತ್ರಾಣವೂ ಕೂಡಿ ಆ ಮುಖ ಹುಟ್ಟಿತು. ಆ ಉಸಿರಿನ ಸದ್ದೋ, ನೀರೊಳಗೆ ಮುಳುಗುವವರು ಬಾಯಿಗಿಟ್ಟುಕೊಳ್ಳುವ ಸಾಧನದ್ದು. ಬಾನುಲಿಯಲ್ಲಿ ನಿಮಗೆ ನೆನಪಿಸಬಹುದಾದದ್ದು ಅದೊಂದೇ!

ಅದೇ ಚಿತ್ರದಲ್ಲಿ ಜೆಡೈ ಎಂಬ ವೀರರ ಪಂಗಡದ ಗುರು ತೊಟ್ಟದ್ದು ಮಾತ್ರ ಬಹಳ ಸರಳ. ಎದೆಯ ಮೇಲೆ ಒಂದರ ಮೇಲೊಂದು ಬರುವ ಎರಡು ಅಂಚು, ಸೊಂಟಕ್ಕೆ ಪಟ್ಟಿ, ಮೇಲೊಂದು ಕಂದು ನಿಲುವಂಗಿ. ಗುಂಡಿಯಿಲ್ಲ, ಮಡಿಚಿದ ಕಾಲರಿಲ್ಲ. ಇಸವಿ ಹೇಳುವ ಗುರುತುಗಳೆಲ್ಲ ಒಮ್ಮೆಗೇ ಮಾಯ. ಇದಕ್ಕೆ ಮೂಲವಾದ, ಜಪಾನಿನ ಸಾಂಪ್ರದಾಯಿಕ ನಿಲುವಂಗಿ ಕಿಮೊನೊ ಹೇಗೆ ತಯಾರಾಗುತ್ತದೆ ಗೊತ್ತೆ? ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಒಂದೇ ಥಾನು. ಅದನ್ನು ನೇರ ಗೆರೆಯಲ್ಲಿ ಎಂಟು ತುಂಡು ಮಾಡುತ್ತಾರೆ. ಮೈಗೆ ಎರಡು, ತೋಳಿಗೆ ಎರಡು, ಮುಂದಿನ ಅಂಚಿಗೆ ಎರಡು, ಕುತ್ತಿಗೆ ಪಟ್ಟಿಗೆ ಎರಡು. ಎದೆ ಸುತ್ತಳತೆ, ಸೊಂಟದ ಸುತ್ತಳತೆ ಅಂತ ಟೇಪು ಹಿಡಿದು ಕೂರುವುದಿಲ್ಲ, ಚೂರು ಬಟ್ಟೆ ವ್ಯರ್ಥವೂ ಆಗುವುದಿಲ್ಲ. ಹಿಂದೆಲ್ಲ ಒಗೆಯುವಾಗ ಹೊಲಿಗೆ ಬಿಚ್ಚಿ, ತುಂಡುಗಳನ್ನು ಸಾಲಾಗಿ ಜೋಡಿಸಿ, ಮತ್ತೆ ಥಾನು ಮಾಡಿ ತೊಳೆಯುತ್ತಿದ್ದರು. ಪಾಶ್ಚಾತ್ಯ ದರ್ಜಿ ಬಟ್ಟೆಯನ್ನು ಮೈಗೆ ತಕ್ಕಂತೆ ಕತ್ತರಿಸುತ್ತಾನೆ, ಇಲ್ಲಿ ಉಟ್ಟವರು ಮಡಿಚಿ ಕಟ್ಟಿ ಮೈಗೆ ಒಗ್ಗಿಸಿಕೊಳ್ಳುತ್ತಾರೆ. ಸೀರೆ ಉಡುವವರಿಗೆ, ಪಂಚೆ ಉಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಉಡುಪು ಬೇರೆ ಲೋಕದ್ದಾಗಿ ಕಾಣುವುದು ಅದನ್ನು ಎಂದೂ ಉಡದ ಕಣ್ಣಿಗೆ ಮಾತ್ರ.

ಇದರ ಅತಿ ಅಂದದ ಉದಾಹರಣೆ, ನನ್ನನ್ನು ಸ್ವಲ್ಪ ಇರುಸುಮುರುಸಿಗೆ ದೂಡುವ ಉದಾಹರಣೆಯೂ ಹೌದು, 1999ರಲ್ಲಿ ಬಂದ, ಅದೇ ಸ್ಟಾರ್ ವಾರ್ಸ್ ಸರಣಿಯ ಇನ್ನೊಂದು ಚಿತ್ರದ ರಾಣಿ ಅಮಿಡಾಲಾ. ವಿನ್ಯಾಸ ಟ್ರಿಶಾ ಬಿಗ್ಗರ್ ಅವರದು. ಸಿಂಹಾಸನದ ಮೇಲೆ ಕೂತಾಗಿನ ಕೆಂಪು ಉಡುಪಿನ ಅಂಚಿನಲ್ಲಿ ದೀಪಗಳೇ ಉರಿಯುತ್ತವೆ. ಸಭೆಗೆ ಬರುವಾಗ ಅವಳ ಕೂದಲು ಎರಡೂ ಪಕ್ಕಕ್ಕೆ ಹರಡಿ ಕೆಳಕ್ಕೆ ಬಾಗಿದೆ, ರೆಕ್ಕೆಯ ಹಾಗೆ. 20ನೆಯ ಶತಮಾನದ ಆರಂಭದ ಛಾಯಾಚಿತ್ರಗಳಲ್ಲಿ ಮಂಗೋಲಿಯಾದ ಖಲ್ಖಾ ಜನಾಂಗದ ಹೆಂಗಸರು ಹೀಗೇ ಕಾಣುತ್ತಾರೆ. ಕುರಿಕೊಬ್ಬು ಸವರಿ ಕೂದಲನ್ನು ಬಿರುಸು ಮಾಡಿ, ಚಪ್ಪಟೆ ಕಡ್ಡಿಗಳಲ್ಲಿ ಹಿಡಿದು ನಿಲ್ಲಿಸುತ್ತಿದ್ದರು. ಗರುಡನ ರೆಕ್ಕೆ ಎನ್ನುವವರಿದ್ದಾರೆ, ಹಸುವಿನ ಕೊಂಬು ಎನ್ನುವವರೂ ಇದ್ದಾರೆ. ಏನೇ ಇರಲಿ, ಅದು ಮದುವೆಯಾದ ಹೆಂಗಸಿನ ಕೇಶಾಲಂಕಾರ. ಚಿತ್ರದ ರಾಣಿ ಹದಿನಾಲ್ಕು ವರ್ಷದ ಅವಿವಾಹಿತೆ. ರೂಪ ಸಾಗರ ದಾಟಿತು, ಅದು ಹೇಳುತ್ತಿದ್ದ ಮಾತು ದಡದಲ್ಲೇ ಉಳಿಯಿತು. ಕಲ್ಪನೆಯ ಗ್ರಹಕ್ಕೆ ಅದರ ಹಂಗೇಕೆ ಎನ್ನಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೂ ಮಂಗೋಲಿಯಾದ ಅಜ್ಜಿಯೊಬ್ಬಳು ಆ ದೃಶ್ಯ ನೋಡಿ ಏನಂದುಕೊಂಡಾಳು ಎಂದು ನನಗೆ ಕೇಳಬೇಕೆನಿಸುತ್ತದೆ.

ಕಿಮೊನೊದಲ್ಲೂ ಇಂಥದ್ದೊಂದು ಸೂಕ್ಷ್ಮ ಇದೆ. ಎದೆಯ ಮೇಲೆ ಯಾವಾಗಲೂ ಎಡ ಅಂಚು ಮೇಲೆ, ಬಲ ಅಂಚು ಅಡಿಗೆ. ಗಂಡಸಿಗೂ ಹೆಂಗಸಿಗೂ ಒಂದೇ ಕ್ರಮ. ಬಲ ಅಂಚು ಮೇಲೆ ಬರುವುದು ಒಂದೇ ಸಂದರ್ಭದಲ್ಲಿ, ಶವಕ್ಕೆ ಉಡಿಸುವಾಗ. ಅಂತರಿಕ್ಷದ ವೀರನಿಗೆ ಇಂಥ ಅಂಗಿ ತೊಡಿಸುವವರು ಕನ್ನಡಿಯಲ್ಲಿ ನೋಡಿ ಅಂಚು ಅದಲುಬದಲು ಮಾಡಿಬಿಟ್ಟರೆ, ಜಪಾನಿನ ಪ್ರೇಕ್ಷಕರ ಕಣ್ಣಿಗೆ ಅಷ್ಟು ಹೊತ್ತೂ ಕತ್ತಿ ಬೀಸುತ್ತಿರುವುದು ಹೆಣ.

ನಮಸ್ಕಾರ.